ವರ್ತುಲದಲ್ಲಿ 11 ಸ್ವಿಚ್‌ಗಳಿದ್ದರೆ ಸ್ಪ್ಯಾನಿಂಗ್ ಟ್ರೀಯ 7ರ ಮಿತಿಯನ್ನು ಹೇಗೆ ಎಣಿಸಬೇಕು?

ಪ್ರಶ್ನೆ: ನೀರ್ಚಾಲಿನವ

ಕಾಸರಗೋಡು ಜಿಲ್ಲೆಯ ಸಹಕಾರಿ ಸಂಸ್ಥೆಯೊಂದರ ಜಾಲವನ್ನು ನೋಡಿಕೊಳ್ಳುತ್ತಿದ್ದೇನೆ. ಕುಂಬಳೆಯಿಂದ ಹೊರಟ ಫೈಬರ್ ಸೀತಾಂಗೋಳಿ, ನೀರ್ಚಾಲು, ಬದಿಯಡ್ಕ, ನೆಕ್ರಾಜೆ, ಎಡನೀರು, ಚೆರ್ಕಳ, ವಿದ್ಯಾನಗರ, ಕಾಸರಗೋಡು, ಮೊಗ್ರಾಲ್‌ಪುತ್ತೂರು, ಮೊಗ್ರಾಲ್ ದಾಟಿ ಮರಳಿ ಕುಂಬಳೆಗೇ ಸೇರುತ್ತದೆ. ಒಂದೊಂದು ಕಡೆ ಒಂದೊಂದರಂತೆ 11 ಸ್ವಿಚ್‌ಗಳಿವೆ. ನೆಕ್ರಾಜೆ ಮತ್ತು ಎಡನೀರಿನ ನಡುವೆ ಮಾತ್ರ ಫೈಬರಿನ ಬದಲು ರೇಡಿಯೊ ಸಂಪರ್ಕವಿದೆ. ಎಲ್ಲವೂ ಹಳೆಯ 802.1ಡಿ ಸ್ಪ್ಯಾನಿಂಗ್ ಟ್ರೀಯಲ್ಲಿ (ಪ್ಯಾಕೆಟ್ಟುಗಳು ಸುತ್ತುತ್ತಲೇ ಇರುವ ಲೂಪ್ ಆಗದಂತೆ ವರ್ತುಲದ ಒಂದು ಪೋರ್ಟನ್ನು ಮುಚ್ಚಿಡುವ ವ್ಯವಸ್ಥೆ), ಪೆಟ್ಟಿಗೆಯಿಂದ ತೆಗೆದಾಗ ಇದ್ದ ಟೈಮರುಗಳಲ್ಲೇ ನಡೆಯುತ್ತಿವೆ. ಕುಂಬಳೆಯದು ರೂಟ್ ಬ್ರಿಡ್ಜ್, ಅಂದರೆ ಆ ಮರದ ಬುಡದ ಸ್ವಿಚ್.

ಕಳೆದ ವಾರ ರಸ್ತೆ ಅಗೆಯುವವರು ಕುಂಬಳೆ–ಸೀತಾಂಗೋಳಿ ನಡುವಿನ ಫೈಬರನ್ನು ಕಡಿದುಹಾಕಿದರು. ಮುಕ್ಕಾಲು ನಿಮಿಷದಲ್ಲಿ ಜಾಲ ತಾನಾಗಿಯೇ ಎದ್ದು ನಿಂತಿತು. ಆದರೆ ಅಂದಿನಿಂದ ಜೋರು ಮಳೆ ಬಂದಾಗಲೆಲ್ಲ ಸೀತಾಂಗೋಳಿಯ ಸ್ವಿಚ್ ತಾನೇ ರೂಟ್ ಎಂದು ಸಾರಿಕೊಂಡು, ಸ್ವಲ್ಪ ಹೊತ್ತಿನಲ್ಲಿ ಹಿಂದೆ ಸರಿದದ್ದು ಲಾಗ್‌ನಲ್ಲಿ ಕಾಣುತ್ತಿದೆ. ಬದಿಯಡ್ಕದಲ್ಲಿ ಈ ತೊಂದರೆಯೇ ಇಲ್ಲ. 7ಕ್ಕಿಂತ ಹೆಚ್ಚು ಸ್ವಿಚ್ ಇರಬಾರದೆಂದು ಓದಿದ್ದೇನೆ. ಹಾಗಿದ್ದರೆ ಎರಡು ವರ್ಷ 11 ಸ್ವಿಚ್‌ಗಳು ತಕರಾರಿಲ್ಲದೆ ನಡೆದದ್ದು ಹೇಗೆ? ಸೀತಾಂಗೋಳಿಯಲ್ಲಿ ರೂಟಿನ ಸುದ್ದಿಯನ್ನು ಎಷ್ಟು ಸೆಕೆಂಡು ನಂಬಬೇಕೆಂದು ಹೇಳುವ ಮ್ಯಾಕ್ಸ್ ಏಜ್ ಅನ್ನು 40ಕ್ಕೆ ಏರಿಸಿ ನೋಡಿದೆ, ಏನೂ ಬದಲಾಗಲಿಲ್ಲ.

ಉತ್ತರ: ಚಂದ್ರಗಿರಿ ತೀರ

ಕೊನೆಯದನ್ನು ಮೊದಲು ಹೇಳುತ್ತೇನೆ. ಮರದುದ್ದಕ್ಕೂ ನಡೆಯುವುದು ರೂಟ್ ಬ್ರಿಡ್ಜ್ ತನ್ನ ಬಿಪಿಡಿಯುವಿನಲ್ಲಿ (ಸ್ವಿಚ್ಚುಗಳು ಒಂದಕ್ಕೊಂದು ದಾಟಿಸುವ ಸಂದೇಶದಲ್ಲಿ) ಬರೆದು ಕಳುಹಿಸುವ ಟೈಮರುಗಳೇ ಹೊರತು, ಆಯಾ ಸ್ವಿಚ್‌ನಲ್ಲಿ ನಾವು ಬರೆದಿಟ್ಟವಲ್ಲ. ಸೀತಾಂಗೋಳಿಯ 40 ಅದು ತಾನೇ ರೂಟ್ ಆದ ಆ ಕೆಲವು ಕ್ಷಣಗಳಿಗೆ ಮಾತ್ರ ಅನ್ವಯಿಸುತ್ತದೆ.

7 ಎಂಬುದು ಗೋಡೆಯಲ್ಲ, ಒಂದು ಲೆಕ್ಕದ ಊಹೆ. ರೂಟಿನಿಂದ ಈ ಸಂದೇಶ, ಅಂದರೆ ಹೆಲೋ, 2 ಸೆಕೆಂಡಿಗೊಮ್ಮೆ ಹೊರಡುತ್ತದೆ. ಸಾಲಾಗಿ 3 ಹೆಲೋ ಕಳೆದುಹೋದರೂ ಮರ ಅಲುಗಬಾರದೆಂದರೆ 4 ಹೆಲೋಗಳ ಅವಧಿ, ಅಂದರೆ 8 ಸೆಕೆಂಡು ಬೇಕು. 7 ಬ್ರಿಡ್ಜ್‌ಗಳ ನಡುವಿನ 6 ಹೆಜ್ಜೆಗಳಲ್ಲಿ ಹೆಜ್ಜೆಗೆ 1 ಸೆಕೆಂಡು ವಿಳಂಬವೆಂದು 6 ಸೆಕೆಂಡು. ಪ್ರತಿ ಬ್ರಿಡ್ಜ್ ಸುದ್ದಿಯನ್ನು ದಾಟಿಸುವಾಗ ಅದರ ಮೆಸೇಜ್ ಏಜ್‌ಗೆ 1 ಸೆಕೆಂಡು ಸೇರಿಸುವುದರಿಂದ ವಯಸ್ಸು ನಿಜಕ್ಕಿಂತ ಹೆಚ್ಚಾಗಿ ಕಾಣುತ್ತದಲ್ಲ, ಅದಕ್ಕಾಗಿ ಇನ್ನೂ 6. ಒಟ್ಟು 20, ಅದೇ ಮ್ಯಾಕ್ಸ್ ಏಜ್. 8ನೆಯ ಸ್ವಿಚ್ ಇಟ್ಟ ಕೂಡಲೇ ಏನೂ ಮುರಿಯುವುದಿಲ್ಲ, ತಾಳ್ಮೆಯ ಅಂಚು ಮಾತ್ರ ಸವೆಯುತ್ತದೆ.

ನಿಮ್ಮ ವರ್ತುಲ ಸರಿಯಿದ್ದಾಗ ಎಡನೀರು ಮತ್ತು ಚೆರ್ಕಳದ ನಡುವೆ ಒಂದು ಪೋರ್ಟ್ ಮುಚ್ಚಿರುತ್ತಿತ್ತು. ಯಾವ ಸ್ವಿಚ್ಚೂ ರೂಟಿನಿಂದ 5 ಹೆಜ್ಜೆಗಿಂತ ದೂರವಿರಲಿಲ್ಲ. ಎರಡು ವರ್ಷ ನೆಮ್ಮದಿಯಾಗಿ ಕಳೆದದ್ದು ಆ ಕಾರಣಕ್ಕೆ. ಫೈಬರ್ ಕಡಿದಾಗ ವರ್ತುಲ ಉದ್ದನೆಯ ಸರಪಣಿಯಾಯಿತು, ರೂಟಿನ ಪಕ್ಕದಲ್ಲಿದ್ದ ಸೀತಾಂಗೋಳಿ ಒಮ್ಮೆಗೇ 10 ಹೆಜ್ಜೆ ಆಚೆ ಹೋಯಿತು. ಅಲ್ಲಿಗೆ ಸುದ್ದಿ ತಲುಪುವಾಗಲೇ ಅದರ ವಯಸ್ಸು 9, ಆದ್ದರಿಂದ ಹೊಸ ಹೆಲೋ ಬರದಿದ್ದರೆ ಉಳಿದ 11 ಸೆಕೆಂಡು ಮಾತ್ರ ಕಾಯುತ್ತದೆ. ಬದಿಯಡ್ಕ 13 ಸೆಕೆಂಡು ಕಾಯುತ್ತದೆ. ಮಳೆಯಲ್ಲಿ ನಿಮ್ಮ ರೇಡಿಯೊ ಈ ಎರಡರ ನಡುವಿನ ಅವಧಿಗೆ ಮಂಕಾಗುತ್ತಿದೆ ಎಂದೇ ನನ್ನ ಅಂದಾಜು. ವರ್ತುಲದಲ್ಲಿ ವ್ಯಾಸವನ್ನು, ಅಂದರೆ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗುವ ದಾರಿಯ ಸ್ವಿಚ್ಚುಗಳ ಗರಿಷ್ಠ ಸಂಖ್ಯೆಯನ್ನು, ಎಣಿಸುವಾಗ ಅತ್ಯಂತ ಕೆಟ್ಟ ಜಾಗದಲ್ಲಿ ಕಡಿದು ಎಣಿಸಬೇಕು. ರೂಟ್ ಎಲ್ಲಿಟ್ಟರೂ ಅದು 11ಕ್ಕೇ ಬಂದು ನಿಲ್ಲುತ್ತದೆ, ಏಕೆಂದರೆ ವರ್ತುಲದ ಸ್ವಿಚ್‌ಗಳಲ್ಲಿ ನಡುವಿನದು ಎಂಬುದೇ ಇಲ್ಲ.

11ಕ್ಕೆ ಅದೇ ಲೆಕ್ಕ ಹಾಕಿದರೆ ಮ್ಯಾಕ್ಸ್ ಏಜ್ 28, ಫಾರ್ವರ್ಡ್ ಡಿಲೇ (ಪೋರ್ಟ್ ತೆರೆಯುವ ಮುನ್ನ ಒಂದೊಂದು ಹಂತದಲ್ಲಿ ಕಾಯುವ ಹೊತ್ತು) 21 ಆಗುತ್ತದೆ. ಎರಡನ್ನೂ ಕುಂಬಳೆಯಲ್ಲೂ, ಅದು ಬಿದ್ದರೆ ರೂಟ್ ಆಗಲಿರುವ ಎರಡನೆಯ ಸ್ವಿಚ್‌ನಲ್ಲೂ ಹಾಕಿ. ಫಾರ್ವರ್ಡ್ ಡಿಲೇಯನ್ನು ಮರೆತು ಮ್ಯಾಕ್ಸ್ ಏಜ್ ಮಾತ್ರ ಏರಿಸಬೇಡಿ. ದೂರದ ಸ್ವಿಚ್ ಇನ್ನೂ ಹಳೆಯ ಮರವನ್ನೇ ನಂಬಿಕೊಂಡು ಕುಳಿತಿರುವಾಗ ಇತ್ತ ಹೊಸ ಪೋರ್ಟ್ ತೆರೆದರೆ ಲೂಪ್ ಉಂಟಾಗುತ್ತದೆ. ಇದರ ಬೆಲೆಯೂ ಇದೆ: ಮ್ಯಾಕ್ಸ್ ಏಜಿನ 28ಕ್ಕೆ ಲಿಸನಿಂಗ್, ಲರ್ನಿಂಗ್ ಎಂಬ ತಲಾ 21ರ ಎರಡೂ ಹಂತಗಳು ಸೇರಿ ಚೇತರಿಕೆಗೆ ಗರಿಷ್ಠ 70 ಸೆಕೆಂಡು ಹಿಡಿಯಬಹುದು.

ಉತ್ತರ: ಅಡೂರು

70 ಸೆಕೆಂಡು ಕೌಂಟರಿನ ಮುಂದೆ ಸಾಲು ನಿಂತವರಿಗೆ ಬಹಳ ದೀರ್ಘ. 2001ರ 802.1ಡಬ್ಲ್ಯು, ಅಂದರೆ ರ‍್ಯಾಪಿಡ್ ಸ್ಪ್ಯಾನಿಂಗ್ ಟ್ರೀ, ಬಂದ ಮೇಲೂ ಹಳೆಯದರಲ್ಲಿ ಉಳಿಯಲು ನನಗೆ ಕಾರಣ ಕಾಣುತ್ತಿಲ್ಲ. ಅದರಲ್ಲಿ ಪ್ರತಿ ಸ್ವಿಚ್ ತಾನೇ ಹೆಲೋ ಕಳುಹಿಸುತ್ತದೆ, ಮೆಸೇಜ್ ಏಜ್ ಹೆಜ್ಜೆಗಳ ಎಣಿಕೆಯಾಗಿ ಮಾತ್ರ ಉಳಿಯುತ್ತದೆ. ಮ್ಯಾಕ್ಸ್ ಏಜ್ 20 ಇದ್ದರೂ ನಿಮ್ಮ 10 ಹೆಜ್ಜೆಗಳು ಆರಾಮವಾಗಿ ಹಿಡಿಯುತ್ತವೆ. ಆದರೆ ಪಕ್ಕದವನಿಂದ 3 ಹೆಲೋ ತಪ್ಪಿದರೆ, ಅಂದರೆ 6 ಸೆಕೆಂಡಿಗೇ, ಅದು ಸಂಪರ್ಕ ಹೋಯಿತೆಂದು ತೀರ್ಮಾನಿಸುತ್ತದೆ. ಇಂದು 11 ಸೆಕೆಂಡು ಮಂಕಾಗುವ ರೇಡಿಯೊ ಅಂದು ಇನ್ನೂ ಹೆಚ್ಚು ಬಾರಿ ಕಾಡುತ್ತದೆ, ಹಾಗಾಗಿ ಮೊದಲು ಅದನ್ನು ಸರಿಪಡಿಸಿ. ಇಲ್ಲಿ ಮ್ಯಾಕ್ಸ್ ಏಜ್ 40ಕ್ಕೆ ಏರಿಸುವುದೂ ಬೇಡ: ರೂಟ್ ಸತ್ತಾಗ ಅದರ ಹಳೆಯ ಸುದ್ದಿ ವರ್ತುಲದಲ್ಲಿ ಸುತ್ತುತ್ತಲೇ ಇರುವ ದೋಷವೊಂದು ಇದರಲ್ಲಿದೆ, ಮಿತಿ ಹೆಚ್ಚಿದಷ್ಟೂ ಸುತ್ತು ಹೆಚ್ಚು.

ನೀರ್ಚಾಲಿನವ

ಇಬ್ಬರಿಗೂ ಧನ್ಯವಾದಗಳು. ರೇಡಿಯೊದ ಲಾಗ್ ತೆಗೆದು ನೋಡಿದೆ. 12 ಸೆಕೆಂಡಿನ ಒಂದು ಮೌನ ಸೀತಾಂಗೋಳಿಯ ಘೋಷಣೆಯ ಹೊತ್ತಿಗೇ ಇದೆ. ಚೆರ್ಕಳದ ಸ್ವಿಚ್‌ಗೆ ರ‍್ಯಾಪಿಡ್ ಗೊತ್ತಿಲ್ಲ. ಬದಿಯಡ್ಕ ಮತ್ತು ಕಾಸರಗೋಡಿನಲ್ಲಿ ರೂಟರ್ ಇಟ್ಟು ವರ್ತುಲವನ್ನು ಎರಡು ತುಂಡು ಮಾಡಿದರೆ, ದೊಡ್ಡ ತುಂಡಿನಲ್ಲೂ ಬದಿಯಡ್ಕದಿಂದ ಕುಂಬಳೆಯಾಗಿ ಕಾಸರಗೋಡಿನವರೆಗೆ ಸರಿಯಾಗಿ 7 ಸ್ವಿಚ್‌ಗಳಾಗುತ್ತವೆ. ಇದು ಸಾಲದೆ?

ಉತ್ತರ: ಚಂದ್ರಗಿರಿ ತೀರ

ಎಣಿಕೆ ಸರಿ, ವಿನ್ಯಾಸ ಸರಿಯಲ್ಲ. ಆ ತುಂಡಿನ ನಡುವೆ ಫೈಬರ್ ಕಡಿದರೆ ಒಂದೇ ವಿಳಾಸ ಗುಂಪಾದ ಸಬ್‌ನೆಟ್ ಎರಡು ಹೋಳಾಗಿ, ಎರಡೂ ರೂಟರುಗಳು ಅದು ತಮ್ಮ ಬಳಿಯಲ್ಲೇ ಇದೆಯೆಂದು ಸಾರುತ್ತಿರುತ್ತವೆ. ಮರಳಿ ಬರುವ ಪ್ಯಾಕೆಟ್‌ಗಳಲ್ಲಿ ಕೆಲವು ತಪ್ಪು ಹೋಳಿಗೆ ಹೋಗಿ ಸಾಯುತ್ತವೆ. ವಿಂಗಡಿಸುವುದಾದರೆ ಪ್ರತಿ ಶಾಖೆಗೂ ಅದರದೇ ಸಬ್‌ನೆಟ್ ಕೊಟ್ಟು, ಸ್ವಿಚ್‌ನಿಂದ ಸ್ವಿಚ್‌ಗೆ ಹೋಗುವ ಪ್ರತಿ ಕೊಂಡಿಯನ್ನೂ ರೂಟಿಂಗ್ ಕೊಂಡಿಯಾಗಿಸಿ, ರೂಟರುಗಳು ತಾವೇ ದಾರಿ ಕಂಡುಕೊಳ್ಳುವ ಓಎಸ್‌ಪಿಎಫ್ ನಡೆಸಬೇಕು. ಆಗ ವರ್ತುಲದಲ್ಲಿ ಸ್ಪ್ಯಾನಿಂಗ್ ಟ್ರೀಗೆ ಕೆಲಸವೇ ಇರುವುದಿಲ್ಲ. ಅದಕ್ಕೆ ಹಣ ಮಂಜೂರಾಗುವ ತನಕ ಕುಂಬಳೆಯಲ್ಲಿ 28 ಮತ್ತು 21 ಇರಲಿ. ಸೀತಾಂಗೋಳಿಯಲ್ಲಿ ನೀವು ಬರೆದ 40 ಅನ್ನು ಇವತ್ತೇ ಅಳಿಸಿಬಿಡಿ.