ಅಮ್ಮನ ರೆಪ್ಪೆ ಆಪರೇಷನ್‌ಗೆ ‘ಕಾಸ್ಮೆಟಿಕ್’ ಅಂತ ಇನ್ಶೂರೆನ್ಸ್ ನಿರಾಕರಣೆ, ಮುಂದೇನು?

ತುಮಕೂರಿನ ಮಗಳು:
ಅಮ್ಮನಿಗೆ 63 ವರ್ಷ. ಎರಡೂ ಮೇಲ್ರೆಪ್ಪೆ ಜೋತು ಬಿದ್ದಿವೆ, ಬಲಗಣ್ಣಿನದು ಜಾಸ್ತಿ. ಒಂದು ಕೈಯಲ್ಲಿ ರೆಪ್ಪೆ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಅಕ್ಕಿಯ ಕಲ್ಲು ಆರಿಸುತ್ತಾರೆ. ಟಿವಿ ಮುಂದೆ ಗದ್ದ ಮೇಲೆತ್ತಿ ಕೂರುತ್ತಾರೆ. ಹುಬ್ಬು ಏರಿಸಿ ಏರಿಸಿ ಹಣೆ ನೋವು ಬೇರೆ. ಡಾಕ್ಟರು ಇದಕ್ಕೆ ಟೋಸಿಸ್ (ರೆಪ್ಪೆ ಜೋತು ಬೀಳುವುದು) ಅಂದರು, ಆಪರೇಷನ್ ಹೇಳಿದರು. ಪಾಲಿಸಿಗೆ ಆರು ವರ್ಷ, ಒಂದು ಕಂತೂ ತಪ್ಪಿಸಿಲ್ಲ. ಆದರೂ ‘ಎಕ್ಸ್‌ಕ್ಲೂಷನ್ 08, ಕಾಸ್ಮೆಟಿಕ್’, ಅಂದರೆ ಅಂದಕ್ಕಾಗಿ ಮಾಡಿಸುವುದು ಪಾಲಿಸಿಗೆ ಸೇರಿಲ್ಲ ಅಂತ ಕ್ಯಾಶ್‌ಲೆಸ್ ಕೊಡಲಿಲ್ಲ. ‘ಬಿಡು, ಈ ವಯಸ್ಸಲ್ಲಿ ಯಾಕೆ’ ಅಂತಾರೆ ಅಮ್ಮ. ನನಗೆ ಬಿಡಲು ಮನಸ್ಸಿಲ್ಲ.

ಟಿಪಿಎ ಡೆಸ್ಕ್:
ದಯವಿಟ್ಟು ಬಿಡಬೇಡಿ. ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್‌ನಲ್ಲೇ ನನ್ನ ಕೆಲಸ. ಕ್ಯಾಶ್‌ಲೆಸ್ ಸಿಗಲಿಲ್ಲ ಅಂದರೆ ಕ್ಲೇಮೇ ಹೋಯ್ತು ಅಂತಲ್ಲ. ದುಡ್ಡು ಕಟ್ಟಿ ಆಪರೇಷನ್ ಮಾಡಿಸಿ, ಆಮೇಲೆ ರೀಇಂಬರ್ಸ್‌ಮೆಂಟ್ ಕೇಳಬಹುದು. ಆದರೆ ಮೊದಲು ಫೈಲ್ ಗಟ್ಟಿ ಮಾಡಿಕೊಳ್ಳಿ, ಆಪರೇಷನ್ ಆದಮೇಲೆ ಹಳೆಯ ಕಣ್ಣಿನ ಪುರಾವೆ ಎಲ್ಲಿಂದ ತರ್ತೀರಿ?

ಎಷ್ಟೋ ಫೈಲ್‌ಗಳಲ್ಲಿ ‘ಟೋಸಿಸ್, ಸರ್ಜರಿ ಬೇಕು’ ಅಂತ ಒಂದೇ ಸಾಲು ಇರುತ್ತದೆ. ಅದರಿಂದ ಅಮ್ಮನ ಕಷ್ಟ ಯಾರಿಗೂ ಕಾಣುವುದಿಲ್ಲ. ಅಳತೆ ಬರೆಸಿ. ಟಾರ್ಚ್ ಬಿಟ್ಟಾಗ ಪಾಪೆಯ ನಡುವೆ ಬೆಳಕಿನ ಚುಕ್ಕೆ ಕಾಣುತ್ತದಲ್ವಾ, ಅಲ್ಲಿಂದ ಮೇಲ್ರೆಪ್ಪೆಯ ಅಂಚಿನವರೆಗಿನ ದೂರಕ್ಕೆ ಎಂಆರ್‌ಡಿ1 ಅಂತಾರೆ. ಸಾಮಾನ್ಯವಾಗಿ 4ರಿಂದ 5 ಮಿಲಿಮೀಟರ್ ಇರುತ್ತದೆ. ಆಮೇಲೆ ಕಣ್ಣಿಗೆ ಸುತ್ತ ಎಲ್ಲಿಯವರೆಗೆ ಕಾಣುತ್ತದೆ ಅಂತ ನೋಡುವ ವಿಷುವಲ್ ಫೀಲ್ಡ್ ಟೆಸ್ಟ್ ಎರಡು ಸಲ ಮಾಡಿಸಿ: ರೆಪ್ಪೆ ಇದ್ದ ಹಾಗೇ ಒಮ್ಮೆ, ಟೇಪ್ ಹಾಕಿ ಎತ್ತಿ ಇನ್ನೊಮ್ಮೆ. ಮೊದಲ ಪ್ರಿಂಟ್‌ನ ಮೇಲ್ಭಾಗದಲ್ಲಿದ್ದ ಕಪ್ಪು (ಕಣ್ಣಿಗೆ ಕಾಣದ ಜಾಗ) ಎರಡನೆಯದರಲ್ಲಿ ಕಡಿಮೆಯಾದರೆ, ನೋಟಕ್ಕೆ ಅಡ್ಡ ಬಂದಿರುವುದು ರೆಪ್ಪೆಯೇ ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ. ಫೋಟೋ ತೆಗೆಯುವಾಗ ಹುಬ್ಬು ಸಡಿಲ ಬಿಡಲು ಹೇಳಿ. ಅಭ್ಯಾಸಬಲದಿಂದ ಏರಿಸಿಬಿಡುತ್ತಾರೆ, ಫೋಟೋದಲ್ಲಿ ಕಣ್ಣು ಚೆನ್ನಾಗಿಯೇ ಕಾಣುತ್ತದೆ!

ನೋಟಕ್ಕೆ ಅಡ್ಡ ಬರುತ್ತಿರುವುದರಿಂದ ಈ ಚಿಕಿತ್ಸೆ ವೈದ್ಯಕೀಯವಾಗಿ ಅಗತ್ಯ, ಅಂದಕ್ಕಲ್ಲ ಅಂತ ಡಾಕ್ಟರಿಂದ ಪತ್ರ ತಗೊಳ್ಳಿ. ಜೊತೆಗೆ ಬರೀ ಸಡಿಲ ಚರ್ಮವನ್ನೂ ತೆಗೆಯುವುದಾದರೆ ಆ ಬಿಲ್ ಬೇರೆ ಮಾಡಿಸಿ. ಎರಡೂ ಕಲೆತರೆ ತಕರಾರು ಗ್ಯಾರಂಟಿ.

ಹಾಸನದವ:
ನಮ್ಮ ತಂದೆಯದ್ದೂ ಇದೇ ಕಥೆ. ನಿರಾಕರಣೆಯನ್ನು ಬರಹದಲ್ಲೇ ಕೇಳಿ. ಮೊದಲು ಕಂಪನಿಯ ಗ್ರೀವೆನ್ಸ್ ಆಫೀಸರ್‌ಗೆ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಇಂಥ ತಕರಾರು ಬಗೆಹರಿಸುವ ಇನ್ಶೂರೆನ್ಸ್ ಓಂಬುಡ್ಸ್‌ಮನ್‌ಗೆ ಹೋಗಬಹುದು. ಕರ್ನಾಟಕದವರಿಗೆ ಆಫೀಸು ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಫೀಸಿಲ್ಲ, ವಕೀಲರೂ ಬೇಡ.

ತುಮಕೂರಿನ ಮಗಳು:
ತುಂಬಾ ಥ್ಯಾಂಕ್ಸ್. ಫೀಲ್ಡ್ ಟೆಸ್ಟ್ ಮಾಡೇ ಇಲ್ಲ! ಬೆಳಿಗ್ಗೆ ಕಣ್ಣು ಪರವಾಗಿಲ್ಲ, ಸಂಜೆ ಬಲಗಣ್ಣು ಮುಚ್ಚಿಯೇ ಹೋಗುತ್ತದೆ. ಇದನ್ನೂ ಪತ್ರದಲ್ಲಿ ಬರೆಸಲಾ?

ಆಪ್ಟೊಮೆಟ್ರಿಸ್ಟ್:
ಪತ್ರಕ್ಕಿಂತ ಮೊದಲು ಡಾಕ್ಟರಿಗೆ ಹೇಳಿ. ವಯಸ್ಸಿನಿಂದ ಜೋತ ರೆಪ್ಪೆಯೂ ಸುಸ್ತಾದಾಗ ಸ್ವಲ್ಪ ಇಳಿಯುತ್ತದೆ. ಆದರೆ ಬೆಳಿಗ್ಗೆಗೂ ಸಂಜೆಗೂ ಇಷ್ಟು ವ್ಯತ್ಯಾಸ ಇದ್ದರೆ ಮಯಸ್ತೇನಿಯಾ ಗ್ರಾವಿಸ್ (ಸ್ನಾಯುಗಳು ಬೇಗ ಸುಸ್ತಾಗುವ ಕಾಯಿಲೆ) ಇಲ್ಲ ಅಂತ ಖಚಿತ ಮಾಡಿಕೊಳ್ಳಲೇಬೇಕು. ಅದಕ್ಕೆ ಮೊದಲು ಕೊಡುವುದು ಮಾತ್ರೆ, ಆಪರೇಷನ್ ಅಲ್ಲ. ಮುಚ್ಚಿದ ಕಣ್ಣಿನ ಮೇಲೆ ಎರಡು ನಿಮಿಷ ಐಸ್ ಇಟ್ಟು ರೆಪ್ಪೆ ಏಳುತ್ತದಾ ಅಂತ ಅಲ್ಲೇ ನೋಡುತ್ತಾರೆ, ರಕ್ತಪರೀಕ್ಷೆಯೂ ಇದೆ. ಒಂದು ವಸ್ತು ಎರಡಾಗಿ ಕಾಣುತ್ತದಾ, ನುಂಗಲು ಕಷ್ಟವಾಗುತ್ತದಾ ಅಂತ ಅಮ್ಮನನ್ನು ಇವತ್ತೇ ಕೇಳಿ.