ಸಹಾಯ ಬೇಕು: ಗೋವಾ 70.3ರಲ್ಲಿ ಸೈಕಲ್ ಮೇಲೆ ಏನು, ಎಷ್ಟು ಕುಡಿಯಬೇಕು?

ಎಲ್ಲರಿಗೂ ನಮಸ್ಕಾರ. ಗೋವಾ ಐರನ್‌ಮ್ಯಾನ್ 70.3 ಟ್ರಯಥ್ಲಾನ್‌ಗೆ (ಒಂದರ ಹಿಂದೆ ಒಂದು 1.9 ಕಿ.ಮೀ. ಈಜು, 90 ಸೈಕಲ್, 21.1 ಓಟ) ಬೆಂಗಳೂರಿನಲ್ಲಿ ತಯಾರಿ ನಡೀತಿದೆ. ಈಜು, ಟೈರು, ಗೇರು ಯಾವುದರದ್ದೂ ಚಿಂತೆಯಿಲ್ಲ. ಹೊಟ್ಟೆಯದ್ದೇ ಚಿಂತೆ.

ಈಗ 750 ಮಿ.ಲೀ. ಬಾಟಲಿಗೆ 50 ಗ್ರಾಂ ಮಾಲ್ಟೋಡೆಕ್ಸ್‌ಟ್ರಿನ್ (ಬೇಗ ಜೀರ್ಣವಾಗೋ ಪಿಷ್ಟದ ಪುಡಿ), 25 ಗ್ರಾಂ ಫ್ರಕ್ಟೋಸ್ (ಹಣ್ಣಿನ ಸಕ್ಕರೆ), 2 ಗ್ರಾಂ ಅಡುಗೆ ಉಪ್ಪು, ಅರ್ಧ ನಿಂಬೆಹಣ್ಣಿನ ರಸ. ಪುಡಿಯನ್ನು ಮೊದಲು ಸ್ವಲ್ಪ ಬೆಚ್ಚಗಿನ ನೀರಲ್ಲಿ ಕರಗಿಸಲೇಬೇಕು, ಇಲ್ಲದಿದ್ದರೆ ಗಂಟು ತಳಕ್ಕೆ ಅಂಟಿ ಬಾಟಲಿಯ ಮೂತಿ ಕಟ್ಟಿಕೊಳ್ಳುತ್ತೆ. ಗಂಟೆಗೆ ಒಂದು ಬಾಟಲಿ. ಎರಡು ಗಂಟೆ ಸಲೀಸು. ಮೂರನೇ ಗಂಟೆಯಲ್ಲಿ ಇದರ ಜೊತೆ ಒಂದು ಜೆಲ್ (ಪೊಟ್ಟಣದಲ್ಲಿ ಬರೋ ಗಟ್ಟಿ ಸಕ್ಕರೆ ಪಾಕ) ಹೋದರೆ ಹೊಟ್ಟೆ ಉಬ್ಬರಿಸಿ, ಓಟದ ಮೊದಲ 3 ಕಿ.ಮೀ. ಪಕ್ಕೆ ಹಿಡ್ಕೊಳ್ಳುತ್ತೆ. ಕಾರಣ ಗೊತ್ತು: ಬಾಟಲಿಯೇ 10% ಗಟ್ಟಿ (750 ಮಿ.ಲೀ.ಗೆ 75 ಗ್ರಾಂ ಪುಡಿ), ಮೇಲೆ ಬರೀ ನೀರಿಲ್ಲದೆ ಜೆಲ್. ಬಿಸಿಲಿಗೆ ರಕ್ತ ಚರ್ಮದ ಕಡೆ ಹರಿಯೋದರಿಂದ ಜಠರ ಬೇಗ ಖಾಲಿಯಾಗಲ್ಲ.

ಫ್ಯಾನ್ ಇಲ್ಲದೆ ಟ್ರೈನರ್ (ಮನೆಯೊಳಗೆ ನಿಂತಲ್ಲೇ ಸೈಕಲ್ ತುಳಿಯೋ ಸ್ಟ್ಯಾಂಡ್) ಮೇಲೆ ಒಂದು ಗಂಟೆಗೆ 900 ಗ್ರಾಂ ತೂಕ ಇಳಿದಿದೆ, ಕುಡಿದದ್ದು 600 ಮಿ.ಲೀ. ಅಂದರೆ ಒಂದೂವರೆ ಲೀಟರ್ ಬೆವರು. ಕರಾವಳಿಯ ಸೆಕೆಯಲ್ಲಿ ಬೆವರು ಆರದೆ ತೊಟ್ಟಿಕ್ಕುತ್ತೆ, ಇನ್ನೂ ಹೆಚ್ಚೇ ಹೋಗಬಹುದು.

ಅಲ್ಲಿ ರೇಸ್ ಮಾಡಿದವರು ದಯವಿಟ್ಟು ಹೇಳಿ: ಒಂದು ಬಾಟಲಿ ಗಟ್ಟಿ, ಇನ್ನೊಂದು ಬರೀ ಉಪ್ಪು ನೀರು ಅಂತ ಬೇರೆ ಇಟ್ಟರೆ ಹೊಟ್ಟೆ ತಡೆದುಕೊಂಡಿತೇ? ಲೀಟರಿಗೆ ಉಪ್ಪು ಎಷ್ಟು ಹಾಕಿದಿರಿ? ಕೊನೆಯ ಜೆಲ್ ಸೈಕಲ್ ಇಳಿಯೋ ಎಷ್ಟು ನಿಮಿಷ ಮೊದಲು? ಗ್ರಾಂ, ಮಿ.ಲೀ. ಲೆಕ್ಕದಲ್ಲೇ ಬರೆದರೆ ಬಹಳ ಉಪಕಾರ.