ಹಿತ್ತಲಿನ ಅತ್ತಿ ಮರದ ಬೇರು ಒಳಚರಂಡಿ ಪೈಪಿನೊಳಗೆ: ಮರ ಕಡಿಯದೆ ದಾರಿಯುಂಟೆ?

ಪ್ರಶ್ನೆ: ಕೇಶ್ವಾಪುರದ ನಿವಾಸಿ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು 1970ರ ದಶಕದಲ್ಲಿ ಕಟ್ಟಿಸಿದ ಮನೆಯಲ್ಲಿ ನಾವು ವಾಸವಾಗಿದ್ದೇವೆ. ಸಂಡಾಸು ಮತ್ತು ಬಚ್ಚಲಿನ ನೀರು ಹಿತ್ತಲಿನಿಂದ ಹೊರಟು ಮನೆಯ ಎಡಬದಿಗುಂಟ ಹನ್ನೆರಡು ಮೀಟರಿನಷ್ಟು ಸಾಗಿ ರಸ್ತೆಯ ಯುಜಿಡಿ (ನೆಲದಡಿಯ ಸಾರ್ವಜನಿಕ ಒಳಚರಂಡಿ) ಚೇಂಬರನ್ನು ಸೇರುತ್ತದೆ. ಪೈಪು ಆ ಕಾಲದ ಕಂದು ಬಣ್ಣದ ಸ್ಟೋನ್‌ವೇರ್, ಅಂದರೆ ಸುಟ್ಟ ಜೇಡಿಮಣ್ಣಿನದು, ನಾಲ್ಕು ಇಂಚಿನದು. ಈ ಸಾಲಿನಿಂದ ಎರಡೂವರೆ ಮೀಟರ್ ದೂರದಲ್ಲಿ, ಬುಡದಲ್ಲಿ ಎರಡು ಅಡಿ ದಪ್ಪವಿರುವ ಅತ್ತಿ ಮರವಿದೆ. ನೆಲ ಪೂರ್ತಿ ಎರೆ, ಅಂದರೆ ಕಪ್ಪು ಜಿಗುಟು ಮಣ್ಣು.

ಕೆಲವು ವರ್ಷಗಳಿಂದ ಬೇಸಿಗೆಯ ಕೊನೆಗೆ ಬಚ್ಚಲಿನ ಜಾಲಿಯಲ್ಲಿ ನೀರು ನಿಲ್ಲುವುದು, ಸಂಡಾಸಿಗೆ ನೀರು ಹಾಕಿದಾಗ ಬಚ್ಚಲಿನಲ್ಲಿ ಗುಳುಗುಳು ಸದ್ದಾಗುವುದು ಆರಂಭವಾಗುತ್ತದೆ. ಪ್ಲಂಬರ್ ಬಂದು ಸ್ಪ್ರಿಂಗ್ (ಅಡ್ಡಿ ಬಿಡಿಸುವ ಉದ್ದನೆಯ ಸುರುಳಿ ತಂತಿ) ಹಾಕಿದಾಗಲೆಲ್ಲ ಕೂದಲಿನಂಥ ಕಂದು ಬೇರುಗಳ ಗಂಟು ಹೊರಬರುತ್ತದೆ, ನೀರು ಸರಾಗವಾಗುತ್ತದೆ, ಕೆಲವು ತಿಂಗಳ ನಂತರ ಮತ್ತೆ ಅದೇ ಗತಿ. ಸಲಹೆಗಳಿಗೆ ಕೊರತೆಯಿಲ್ಲ. ಮೈಲುತುತ್ತ (ಕಾಪರ್ ಸಲ್ಫೇಟ್) ಸುರಿಯಬೇಕೆಂದು ಒಬ್ಬರು, ಆ್ಯಸಿಡ್ ಹಾಕಬೇಕೆಂದು ಇನ್ನೊಬ್ಬರು, ಮರವನ್ನೇ ಕಡಿಸಬೇಕೆಂದು ನೆರೆಯವರು, ಎಲ್ಲವನ್ನೂ ಅಗೆದು ಪಿವಿಸಿ ಹಾಕಬೇಕೆಂದು ಗೌಂಡಿ. ನಮ್ಮ ತಾಯಿಯವರು ಪ್ರತಿ ಗುರುವಾರ ಆ ಔದುಂಬರಕ್ಕೆ ಪ್ರದಕ್ಷಿಣೆ ಹಾಕುವವರಾದ್ದರಿಂದ ಅದನ್ನು ಕಡಿಯುವ ಮಾತನ್ನು ಮನೆಯಲ್ಲಿ ಎತ್ತುವಂತಿಲ್ಲ. ಮರವನ್ನು ಉಳಿಸಿಕೊಂಡು ಈ ತೊಂದರೆಯನ್ನು ಶಾಶ್ವತವಾಗಿ ನಿವಾರಿಸಲು ಸಾಧ್ಯವೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ನಿವೃತ್ತ ಅಭಿಯಂತರ, ಧಾರವಾಡ

ಸಾಧ್ಯವಿದೆ. ಆದರೆ ಅದಕ್ಕೆ ಮೊದಲು ಬೇರು ಪೈಪಿನೊಳಗೆ ಹೇಗೆ ಬಂತೆಂಬುದನ್ನು ನೋಡಬೇಕು. ಗಟ್ಟಿಯಾಗಿರುವ, ಸೋರದ ಪೈಪನ್ನು ಒಡೆದುಕೊಂಡು ಬೇರು ಒಳನುಗ್ಗುವುದು ಅಪರೂಪ. ಮೊದಲು ಪೈಪಿನ ಜಾಯಿಂಟು ಸೋರುತ್ತದೆ, ಸೋರಿದಲ್ಲಿ ಮಣ್ಣು ತೇವವಾಗುತ್ತದೆ, ಆ ತೇವವನ್ನು ಹಿಡಿದು ಬಂದ ನವಿರಾದ ಬೇರು ಕೂದಲೆಳೆಯಷ್ಟು ಸಂದಿಯಿದ್ದರೂ ಒಳಗೆ ಇಳಿಯುತ್ತದೆ. ಒಳಗೆ ನೀರು, ಗಾಳಿ, ಗೊಬ್ಬರ ಮೂರೂ ವರ್ಷವಿಡೀ ದೊರೆಯುವುದರಿಂದ ಅದು ಜಡೆಯಂತೆ ಬೆಳೆದು, ಹರಿದು ಬರುವ ಜಿಡ್ಡು, ಕೂದಲು, ಮಲವನ್ನು ತಡೆಹಿಡಿಯುತ್ತದೆ.

ಎರೆ ನೆಲದಲ್ಲಿ ಈ ಕಷ್ಟ ಹೆಚ್ಚು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರಿಯುತ್ತದೆ. ಹಳೆಯ ಸ್ಟೋನ್‌ವೇರ್ ಪೈಪಿನ ತುಂಡುಗಳು ಸಾಮಾನ್ಯವಾಗಿ 60 ಸೆಂಟಿಮೀಟರ್ ಉದ್ದದವು. ಹಾಗಾದರೆ ನಿಮ್ಮ ಹನ್ನೆರಡು ಮೀಟರಿನಲ್ಲಿ ಇಪ್ಪತ್ತರಷ್ಟು ಜಾಯಿಂಟುಗಳಿವೆ, ಪ್ರತಿಯೊಂದನ್ನೂ ಸಿಮೆಂಟು ಗಾರೆಯಿಂದ ತುಂಬಿ ಬಿಗಿಗೊಳಿಸಲಾಗಿದೆ. ನೆಲ ಪ್ರತಿ ವರ್ಷ ಏರಿಳಿಯುವಾಗ ಬಾಗಲಾರದ ಗಾರೆ ಬಿರುಕು ಬಿಡುವುದು ಸಹಜ. ಮರದ ಬಳಿ ಬೇರುಗಳು ತೇವವನ್ನು ಹೀರುವುದರಿಂದ ಮಣ್ಣು ಇನ್ನೂ ಹೆಚ್ಚು ಕುಗ್ಗುತ್ತದೆ, ಪೈಪು ಅಲ್ಲಿಯೇ ಹೆಚ್ಚು ಕುಸಿಯುತ್ತದೆ. ನಿಮ್ಮ ತೊಂದರೆ ಬೇಸಿಗೆಯ ಕೊನೆಗೆ ಕಾಣಿಸಿಕೊಳ್ಳುವುದು ಇದಕ್ಕೆ ಹೊಂದುತ್ತದೆ, ಏಕೆಂದರೆ ಸುತ್ತಲಿನ ನೆಲವೆಲ್ಲ ಒಣಗಿರುವಾಗ ಮರಕ್ಕೆ ಉಳಿದ ತೇವದ ಜಾಗ ಆ ಪೈಪೊಂದೇ.

ಆದ್ದರಿಂದ ಸ್ಪ್ರಿಂಗ್ ಹಾಕಿಸುವುದು ತಾತ್ಕಾಲಿಕ ಉಪಾಯ. ಕತ್ತರಿಸಿದ ಬೇರು ಅದೇ ಸಂದಿಯಿಂದ ಮತ್ತೆ ಕವಲೊಡೆದು ಬರುತ್ತದೆ, ದಪ್ಪವಾದಂತೆ ಸಂದಿಯನ್ನೂ ಅಗಲಿಸುತ್ತದೆ. ಮೈಲುತುತ್ತ ತಾನು ತಗುಲಿದ ಬೇರನ್ನು ಸುಡಬಹುದು. ಆದರೆ ಹರಿಯುವ ಪೈಪಿನಲ್ಲಿ ಅದು ನಿಲ್ಲುವುದೇ ಇಲ್ಲ, ನೀರಿನೊಡನೆ ಹೋಗಿಬಿಡುತ್ತದೆ. ತಾಮ್ರದ ಆ ಅಂಶ ಮುಂದೆ ಕೆರೆ ಹಳ್ಳಗಳ ಮೀನಿಗೂ, ಸೆಪ್ಟಿಕ್ ಟ್ಯಾಂಕ್ ಇರುವ ಮನೆಗಳಲ್ಲಿ ಮಲವನ್ನು ಕರಗಿಸುವ ಬ್ಯಾಕ್ಟೀರಿಯಾಗಳಿಗೂ ವಿಷ. ಆ್ಯಸಿಡ್ ಬೇರನ್ನು ಕೊಲ್ಲುವುದಕ್ಕಿಂತ ಹೆಚ್ಚಾಗಿ ಜಾಯಿಂಟಿನ ಸಿಮೆಂಟನ್ನು ತಿನ್ನುತ್ತದೆ, ಅಂದರೆ ಬೇರಿಗೆ ಬಾಗಿಲನ್ನು ಅದೇ ತೆರೆದುಕೊಟ್ಟಂತೆ. ಬ್ಲೀಚಿಂಗ್ ಪುಡಿ ಹಾಕಿದ ಪೈಪಿಗೆ ಆ್ಯಸಿಡ್ ಸುರಿದರೆ ಕ್ಲೋರಿನ್ ಅನಿಲ ಹೊರಟು ಉಸಿರಿಗೇ ಅಪಾಯವಾಗುತ್ತದೆ ಎಂಬುದನ್ನು ಮನೆಯವರೆಲ್ಲರಿಗೂ ತಿಳಿಸಿಡಿ.

ನನ್ನ ಅಭಿಪ್ರಾಯದಲ್ಲಿ ನಿಮ್ಮ ಗೌಂಡಿ ಹೇಳಿದ್ದೇ ಸರಿ, ಇಡೀ ಸಾಲನ್ನು ಬದಲಿಸಬೇಕು. ನೆಲದಡಿಯ ಒಳಚರಂಡಿಗೆಂದೇ ಐಎಸ್ 15328 ಗುರುತಿನ ಪಿವಿಸಿ ಪೈಪುಗಳು ಬರುತ್ತವೆ, ಅವನ್ನು ರಬ್ಬರ್ ರಿಂಗ್ ಜಾಯಿಂಟಿನೊಂದಿಗೆ ಹಾಕಿಸಿ. ಉದ್ದ ಪೈಪಾದ್ದರಿಂದ ಜಾಯಿಂಟುಗಳು ಕಡಿಮೆ, ಇರುವವೂ ನೆಲ ಅಲುಗಿದಾಗ ತುಸು ಬಾಗಿಕೊಡುತ್ತವೆ. ಅಗೆದು ತೆಗೆದ ಎರೆಮಣ್ಣನ್ನೇ ಪೈಪಿನ ಸುತ್ತ ಮರಳಿ ತುಂಬಬಾರದು. ಕೆಳಗೆ, ಬದಿಗೆ ಮತ್ತು ಮೇಲೆ ಕನಿಷ್ಠ ನಾಲ್ಕು ಇಂಚು ಉಸುಕನ್ನೋ ಸಣ್ಣ ಗರಸನ್ನೋ ಹಾಕಿಸಬೇಕು.

ಉತ್ತರ: ಪ್ಲಂಬಿಂಗ್ ಗುತ್ತಿಗೆದಾರ, ಗದಗ

ಅಭಿಯಂತರ ಸಾಹೇಬರು ಕಾರಣವನ್ನು ಸರಿಯಾಗಿ ಹೇಳಿದ್ದಾರೆ. ಆದರೂ ಅಗೆಯುವ ಮೊದಲು ಅಡ್ಡಿ ಎಲ್ಲಿದೆ ಎಂಬುದನ್ನು ಪತ್ತೆ ಮಾಡಿಕೊಂಡರೆ ಹಣ ಉಳಿಯುತ್ತದೆ ಎಂಬುದು ನನ್ನ ಅನುಭವ. ನೀರು ಕಟ್ಟಿಕೊಂಡಾಗ ಎರಡೂ ಚೇಂಬರುಗಳ ಮುಚ್ಚಳ ತೆಗೆಸಿ ನೋಡಿ. ಹಿತ್ತಲಿನದು ತುಂಬಿದ್ದು ರಸ್ತೆಯದು ಖಾಲಿ ಇದ್ದರೆ ದೋಷ ನಿಮ್ಮ ಸಾಲಿನಲ್ಲಿದೆ. ರಸ್ತೆಯದೂ ತುಂಬಿದ್ದರೆ ತೊಂದರೆ ಮುಂದಿನ ಸಾರ್ವಜನಿಕ ಸಾಲಿನದು, ನೀವು ಅಂಗಳ ಅಗೆದು ಪ್ರಯೋಜನವಿಲ್ಲ, ಪಾಲಿಕೆಗೆ ದೂರು ಕೊಟ್ಟು, ಜೋರು ಒತ್ತಡದ ನೀರಿನಿಂದ ಪೈಪು ತೊಳೆಯುವ ಜೆಟ್ಟಿಂಗ್ ಗಾಡಿ ತರಿಸಬೇಕು. ಸ್ಪ್ರಿಂಗ್ ತಡೆದು ನಿಂತಾಗ ಅದಕ್ಕೆ ಪಟ್ಟಿ ಕಟ್ಟಿ ಗುರುತು ಮಾಡಿ, ಹೊರಗೆಳೆದು ನೆಲದ ಮೇಲೆ ಅಳೆದರೆ ಬೇರು ಎಷ್ಟು ದೂರದಲ್ಲಿದೆ ಎಂಬುದು ತಿಳಿಯುತ್ತದೆ. ಕ್ಯಾಮೆರಾ ಬಿಟ್ಟು ನೋಡುವ ಸೌಲಭ್ಯ ದೊರೆತರೆ ಇನ್ನೂ ಒಳ್ಳೆಯದು, ಆದರೆ ಬೇರನ್ನು ಕತ್ತರಿಸಿ ತೊಳೆದ ಮೇಲೆ ಬಿಡಬೇಕು, ಇಲ್ಲದಿದ್ದರೆ ಪರದೆಯಲ್ಲಿ ಕೆಸರಿನ ಹೊರತು ಏನೂ ಕಾಣದು.

ಸ್ಪ್ರಿಂಗಿನೊಡನೆ ಏನು ಬರುತ್ತದೆ ಎಂಬುದನ್ನೂ ಗಮನಿಸಿ. ಬರೀ ನವಿರಾದ ಬೇರು ಬಂದರೆ ಜಾಯಿಂಟು ಬಿರಿದಿದೆ ಎಂದರ್ಥ. ಎರೆಮಣ್ಣಿನ ಮುದ್ದೆಯೋ ಕಂದು ಪೈಪಿನ ಚೂರುಗಳೋ ಬಂದರೆ ಪೈಪೇ ಒಡೆದಿದೆ, ಆಗ ಜೆಟ್ಟಿಂಗಿನ ಜೋರು ಒತ್ತಡ ಕೊಟ್ಟರೆ ಉಳಿದದ್ದೂ ಕುಸಿಯುತ್ತದೆ. ದೋಷ ಮರದ ಎದುರಿನ ಎರಡು ಮೂರು ಮೀಟರಿನಲ್ಲಿ ಮಾತ್ರ ಇದ್ದರೆ ಅಷ್ಟನ್ನೇ ಬದಲಿಸಿದರೆ ಸಾಕಾಗಬಹುದು.

ಇನ್ನೊಂದು ಮಾತು. ಚೇಂಬರ್ ಎಷ್ಟೇ ಕಿರಿದಾಗಿದ್ದರೂ ಯಾರನ್ನೂ ಒಳಗೆ ಇಳಿಸಬೇಡಿ. ಅಲ್ಲಿ ನಿಲ್ಲುವ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ವಾಸನೆಯೂ ತಿಳಿಯದಂತಾಗಿ ಮನುಷ್ಯ ಕುಸಿದುಬಿಡುತ್ತಾನೆ. ರಕ್ಷಣಾ ಸಾಧನಗಳಿಲ್ಲದೆ ಹೀಗೆ ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯಿದೆಯಡಿ ಅಪರಾಧವೂ ಹೌದು.

ಉತ್ತರ: ನಿವೃತ್ತ ಅಭಿಯಂತರ, ಧಾರವಾಡ

ಪತ್ತೆ ಮಾಡುವ ಕ್ರಮದ ಬಗ್ಗೆ ಗದಗಿನವರು ಹೇಳಿದ್ದನ್ನು ಒಪ್ಪುತ್ತೇನೆ. ಎರಡು ಮೂರು ಮೀಟರ್ ಮಾತ್ರ ಬದಲಿಸುವುದನ್ನು ಮಾತ್ರ ಒಪ್ಪಲಾರೆ. ಗರಸು ನೆಲವಾಗಿದ್ದರೆ ಅದು ನಡೆದೀತು. ಎರೆಯಲ್ಲಿ ಉಳಿದ ಹಳೆಯ ಜಾಯಿಂಟುಗಳ ವಯಸ್ಸೂ ಸ್ಥಿತಿಯೂ ಒಂದೇ ಆಗಿರುತ್ತದೆ, ಬೇರಿಗೆ ಇಲ್ಲಿ ಬಾಗಿಲು ಮುಚ್ಚಿದರೆ ಪಕ್ಕದ ಜಾಯಿಂಟಿನಲ್ಲಿ ತೆರೆದುಕೊಳ್ಳುತ್ತದೆ. ಹೊಸ ಪಿವಿಸಿ ಹಳೆಯ ಸ್ಟೋನ್‌ವೇರನ್ನು ಸೇರುವ ಜಾಗವಂತೂ ಇಡೀ ಸಾಲಿನಲ್ಲೇ ದುರ್ಬಲವಾದದ್ದು. ಅನಿವಾರ್ಯವಾಗಿ ಹಾಗೆ ಸೇರಿಸಲೇಬೇಕಾದರೆ ಅಲ್ಲೊಂದು ಚೇಂಬರ್ ಕಟ್ಟಿಸುವುದು ಲೇಸು.

ಉತ್ತರ: ತೋಟಗಾರಿಕೆ ಓದಿದವಳು, ಧಾರವಾಡ

ಪೈಪಿನ ಬಗ್ಗೆ ತಿಳಿದವರು ಮಾತನಾಡಿದ್ದಾರೆ, ನಾನು ಮರದ ಪರವಾಗಿ ಕೆಲವು ಮಾತು ಸೇರಿಸುತ್ತೇನೆ. ಅತ್ತಿ ಸಹಜವಾಗಿ ಹಳ್ಳದ ದಂಡೆಯಲ್ಲಿ ಬೆಳೆಯುವ ಮರ. ಆಲ, ಅರಳಿ, ಬಸರಿಗಳ ಕುಲಕ್ಕೇ ಸೇರಿದ ಅದು ನೀರನ್ನು ಅರಸಿಕೊಂಡು ಬಹುದೂರ ಬೇರು ಬಿಡುತ್ತದೆ. ಸೋರುವ ಪೈಪು ಅದಕ್ಕೆ ಹಳ್ಳವೇ.

ನೀವು ಹೇಳಿದ ಅಳತೆಗಳಲ್ಲಿ ನನಗೆ ಆತಂಕ ತಂದದ್ದು ಎರಡೂವರೆ ಮೀಟರಿನ ಅಂತರ. ಮರವನ್ನು ನೆಟ್ಟಗೆ ಹಿಡಿದು ನಿಲ್ಲಿಸುವ ದಪ್ಪ ಬೇರುಗಳು ಬುಡದ ಸುತ್ತ ಮೇಲ್ಪದರದಲ್ಲೇ ಹರಡಿರುತ್ತವೆ. ಕಾಂಡದ ದಪ್ಪದ ಮೂರು ಪಟ್ಟಿಗಿಂತ ಹತ್ತಿರದಲ್ಲಿ ಬೇರು ಕಡಿಯಲೇಬಾರದು, ಐದು ಪಟ್ಟು ದೂರವಿದ್ದರೆ ಕ್ಷೇಮ ಎಂಬುದು ರೂಢಿಯಲ್ಲಿರುವ ಲೆಕ್ಕ. ನಿಮ್ಮ ಮರದ ದಪ್ಪ ಎರಡು ಅಡಿ, ಅಂದರೆ 60 ಸೆಂಟಿಮೀಟರ್. ಮೂರು ಪಟ್ಟೆಂದರೆ 1.8 ಮೀಟರ್, ಐದು ಪಟ್ಟೆಂದರೆ 3 ಮೀಟರ್. ನಿಮ್ಮ ಪೈಪು ಇವೆರಡರ ನಡುವೆ ಬಿದ್ದಿದೆ. ಅಲ್ಲಿ ಉದ್ದಕ್ಕೂ ಕಾಲುವೆ ತೋಡಿದರೆ ಒಂದು ಬದಿಯ ಬೇರುಗಳೆಲ್ಲ ಹೋಗಿ, ಮೇ ತಿಂಗಳ ಗುಡುಗು ಮಳೆಯ ಗಾಳಿಗೆ ಮರ ಮನೆಯ ಮೇಲೆಯೇ ವಾಲಬಹುದು. ಆದ್ದರಿಂದ ಹೊಸ ಪೈಪನ್ನು ಹಳೆಯ ದಾರಿಯಲ್ಲಿ ಹಾಕದೆ ಮನೆಯ ಇನ್ನೊಂದು ಬದಿಯಿಂದ ತೆಗೆದುಕೊಂಡು ಹೋಗಲು ಸಾಧ್ಯವೇ ಎಂದು ನೋಡಿ.

ನೆರೆಯವರು ಹೇಳುವಂತೆ ಕಡಿಸಿಬಿಟ್ಟರೆ ಕಷ್ಟ ಮುಗಿಯಿತು ಎನ್ನುವುದೂ ನಿಜವಲ್ಲ. ಅತ್ತಿಯ ಬೊಡ್ಡೆ ಸುಲಭವಾಗಿ ಮತ್ತೆ ಚಿಗುರುತ್ತದೆ. ಇಷ್ಟು ವರ್ಷ ಮರ ಹೀರುತ್ತಿದ್ದ ತೇವ ಎರೆಯಲ್ಲೇ ಉಳಿದು ನೆಲ ಉಬ್ಬಿದರೆ ಮನೆಯ ಗೋಡೆಗಳೇ ಬಿರುಕು ಬಿಡಬಹುದು. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯಿದೆಯಂತೆ ಸ್ವಂತ ಹಿತ್ತಲಿನ ಮರವಾದರೂ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿಯಂಥ ಕೆಲವಕ್ಕೆ ವಿನಾಯಿತಿಯಿದೆ, ಅತ್ತಿಗೆ ಇಲ್ಲ. ನಿಮ್ಮ ತಾಯಿಯವರ ಪಕ್ಷವೇ ಎಲ್ಲ ರೀತಿಯಿಂದಲೂ ಬಲವಾಗಿದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಗದಗಿನ ಸರ್ ಹೇಳಿದಂತೆ ನೋಡಿಸಿದೆ, ರಸ್ತೆಯ ಚೇಂಬರ್ ಖಾಲಿಯಿದೆ, ಅಡ್ಡಿ ಮರದ ಎದುರಿಗೇ ಇದೆ, ಸ್ಪ್ರಿಂಗಿನೊಡನೆ ಮಣ್ಣೂ ಬಂದಿದೆ. ಮನೆಯ ಬಲಬದಿಯಲ್ಲಿ ಫರಸಿ ಹಾಸಿದ ಮೂರು ಅಡಿ ಓಣಿಯಿದೆ. ಆ ದಾರಿಯಿಂದ ಹೋದರೆ ಉದ್ದ ಹದಿನಾರು ಮೀಟರ್ ಆಗುತ್ತದೆ, ನಡುವೆ ಎರಡು ತಿರುವುಗಳು ಬರುತ್ತವೆ. ಇಳಿಜಾರು ಸಾಲದೆ ಹೋದೀತೆಂದು ಗೌಂಡಿ ಆರು ಇಂಚಿನ ಪೈಪು ಹಾಕೋಣ ಎನ್ನುತ್ತಾನೆ. ಅದು ಸರಿಯೇ? ಹಳೆಯ ಪೈಪನ್ನು ಏನು ಮಾಡಬೇಕು?

ಉತ್ತರ: ನಿವೃತ್ತ ಅಭಿಯಂತರ, ಧಾರವಾಡ

ಮರದ ಬುಡದಿಂದ ದೂರ ಸರಿಯಬೇಕೆಂಬ ಸಲಹೆ ನನ್ನ ಮೊದಲ ಉತ್ತರಕ್ಕಿಂತ ಉತ್ತಮ. ಬಲಬದಿಯಿಂದಲೇ ಒಯ್ಯಿರಿ.

ನಾಲ್ಕು ಇಂಚಿನ ಪೈಪಿಗೆ ನಮ್ಮಲ್ಲಿ ರೂಢಿಯಲ್ಲಿರುವ ಇಳಿಜಾರು ನಲವತ್ತಕ್ಕೆ ಒಂದು. ಹದಿನಾರು ಮೀಟರಿಗೆ 40 ಸೆಂಟಿಮೀಟರ್ ಇಳಿಜಾರು ಬೇಕಾಗುತ್ತದೆ. ಹಿತ್ತಲಿನ ಚೇಂಬರಿನ ತಳಕ್ಕೂ ರಸ್ತೆಯ ಚೇಂಬರಿಗೆ ಪೈಪು ಸೇರುವ ಮಟ್ಟಕ್ಕೂ ಇರುವ ವ್ಯತ್ಯಾಸವನ್ನು ನೀರು ತುಂಬಿದ ಲೆವೆಲ್ ಟ್ಯೂಬಿನಿಂದ ಅಳೆಯಿಸಿ. ಅಷ್ಟು ದೊರೆಯದಿದ್ದರೆ ಪಿವಿಸಿಯ ಒಳಮೈ ನಯವಾಗಿರುವುದರಿಂದ ಅರವತ್ತಕ್ಕೆ ಒಂದರವರೆಗೆ, ಅಂದರೆ 27 ಸೆಂಟಿಮೀಟರಿನಷ್ಟಕ್ಕೆ ಇಳಿಸಿದರೂ ಮನೆಯ ನೀರು ಸರಾಗವಾಗಿ ಹರಿಯುತ್ತದೆ. ಗೌಂಡಿಯ ಆರು ಇಂಚಿನ ಲೆಕ್ಕ ಮಾತ್ರ ಬೇಡ. ಒಂದು ಮನೆಯ ಅಲ್ಪ ನೀರು ಅಗಲವಾದ ಪೈಪಿನ ತಳದಲ್ಲಿ ತೆಳುವಾಗಿ ಹರಡಿಕೊಂಡು ಮಲವನ್ನು ಅಲ್ಲಲ್ಲೇ ಬಿಟ್ಟು ಮುಂದೆ ಹೋಗುತ್ತದೆ, ಕಿರಿದಾದ ಪೈಪಿನಲ್ಲಿ ಅದೇ ನೀರು ಆಳವಾಗಿ ಹರಿದು ಎಲ್ಲವನ್ನೂ ಒಯ್ಯುತ್ತದೆ.

ಎರಡೂ ತಿರುವುಗಳಲ್ಲಿ ಚೇಂಬರ್ ಇರಲಿ, ನೆಲದಡಿಯಲ್ಲಿ ಬೆಂಡ್ ಹಾಕಿ ಮುಚ್ಚಿಬಿಡಬಾರದು. ಇಟ್ಟಿಗೆಯ ಚೇಂಬರಿನ ಗೋಡೆಯನ್ನು ಪೈಪು ಹೊಕ್ಕುವ ಜಾಗದಲ್ಲಿಯೂ ಬೇರು ನುಸುಳುತ್ತದೆಯಾದ್ದರಿಂದ ಒಳಗೂ ಹೊರಗೂ ಗಟ್ಟಿಯಾಗಿ ಗಿಲಾಯಿ ಮಾಡಿಸಿ. ಕಾಲುವೆ ಮುಚ್ಚುವ ಮೊದಲು ಕೆಳತುದಿಯನ್ನು ಬಿಗಿದು ಪೈಪಿಗೆ ನೀರು ತುಂಬಿಸಿ, ಮಟ್ಟ ಇಳಿಯುತ್ತದೆಯೇ ಎಂದು ನಿಂತು ನೋಡಿ. ಈ ಪರೀಕ್ಷೆಗೆ ಗುತ್ತಿಗೆದಾರರು ಅವಸರ ಮಾಡುತ್ತಾರೆ, ನೀವು ಬಿಡಬೇಡಿ. ರಸ್ತೆ ಅಗೆಯಬೇಕಾಗಿ ಬಂದರೆ ಪಾಲಿಕೆಯ ಅನುಮತಿ ಪಡೆದೇ ಕೆಲಸ ಹಿಡಿಯಿರಿ.

ಹಳೆಯ ಪೈಪನ್ನು ಕಿತ್ತು ತೆಗೆಯುವ ಅಗತ್ಯವಿಲ್ಲ. ಎರಡೂ ತುದಿಗಳಿಗೆ ಕಾಂಕ್ರೀಟು ತುಂಬಿ ಮುಚ್ಚಿಸಿ, ಇಲ್ಲದಿದ್ದರೆ ಅದು ಹೆಗ್ಗಣಗಳ ಬಿಲವಾಗುತ್ತದೆ.

ಉತ್ತರ: ತೋಟಗಾರಿಕೆ ಓದಿದವಳು, ಧಾರವಾಡ

ಹಳೆಯ ಪೈಪಿನ ನೀರು ಒಮ್ಮೆಲೇ ನಿಂತಾಗ ಮೊದಲ ಬೇಸಿಗೆಯಲ್ಲಿ ಮರ ಎಲೆ ಉದುರಿಸಿ ಬಳಲಿದಂತೆ ಕಾಣಬಹುದು. ತಾಯಿಯವರು ಗಾಬರಿಯಾಗದಿರಲಿ. ಆ ಒಂದು ಬೇಸಿಗೆ ಬುಡಕ್ಕೆ ಹತ್ತಿರವಲ್ಲ, ಕೊಂಬೆಗಳ ನೆರಳಿನ ಅಂಚಿಗೆ, ಹಳೆಯ ಸಾಲಿನ ವಿರುದ್ಧ ದಿಕ್ಕಿನಲ್ಲಿ ವಾರಕ್ಕೊಮ್ಮೆ ನಿಧಾನವಾಗಿ ನೀರು ಬಿಡಿ. ಬೇರುಗಳು ಆ ಕಡೆಗೆ ಬೆಳೆದುಕೊಳ್ಳುತ್ತವೆ. ಮನೆಯ ಗೋಡೆಯ ಬದಿಗೆ ಮಾತ್ರ ನೀರು ಬಿಡಬೇಡಿ, ಎರೆ ಉಬ್ಬುತ್ತದೆ.

ಉತ್ತರ: ಪ್ಲಂಬಿಂಗ್ ಗುತ್ತಿಗೆದಾರ, ಗದಗ

ಕೆಲಸವನ್ನು ಮುಂಗಾರು ಹಿಡಿಯುವ ಮೊದಲೇ ಮುಗಿಸಿಕೊಳ್ಳಿ. ಮಳೆಯಲ್ಲಿ ಎರೆ ಕಾಲುವೆಯ ಬದಿಗಳು ನಿಲ್ಲುವುದಿಲ್ಲ, ತಳಕ್ಕೆ ಹಾಕಿದ ಉಸುಕು ಕೆಸರಿನಲ್ಲಿ ಹೂತು ಇಳಿಜಾರೇ ಕೆಡುತ್ತದೆ. ಹೊಸ ಸಾಲು ಪೂರ್ತಿಯಾಗುವವರೆಗೆ ಹಳೆಯದನ್ನು ಮುಚ್ಚಬೇಡಿ. ಎರಡನ್ನೂ ಹಿತ್ತಲಿನ ಚೇಂಬರಿಗೆ ಸೇರಿಸಿಟ್ಟುಕೊಂಡು ಪರೀಕ್ಷೆ ಮುಗಿದ ದಿನವೇ ನೀರನ್ನು ಹೊಸದಕ್ಕೆ ತಿರುಗಿಸಿದರೆ, ಮನೆಯವರು ಒಂದು ದಿನವೂ ಸಂಡಾಸಿಗಾಗಿ ನೆರೆಮನೆಗೆ ಹೋಗಬೇಕಾಗುವುದಿಲ್ಲ.